ಕ್ಯಾಮೆರಾ ಟ್ರ್ಯಾಪ್‌ನಲ್ಲಿ ಬರೀ ಖಾಲಿ ಫೋಟೋ, ಇಲ್ಲವೇ ಬಾಲ

ಪ್ರಶ್ನೆ: ಕಾಲುದಾರಿ ಪಕ್ಕದ ಮರಕ್ಕೆ ಎದೆಮಟ್ಟದಲ್ಲಿ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದಾಗ ತಾನಾಗಿ ಫೋಟೋ ತೆಗೆಯುವ ಕ್ಯಾಮೆರಾ) ಕಟ್ಟಿದ್ದೇವೆ. ಬಹುಪಾಲು ಫೋಟೋ ಖಾಲಿ, ಉಳಿದವುಗಳಲ್ಲಿ ಬಾಲದ ತುದಿ. ತಪ್ಪೆಲ್ಲಿ?

ಉತ್ತರ 1: ಕ್ಯಾಮೆರಾ ದಾರಿಗೆ ನೇರ ಅಡ್ಡವಾಗಿ ಮುಖ ಮಾಡಿರಬೇಕು. ಬಿಸಿ ಮೈಯ ಚಲನೆ ಗುರುತಿಸುವ ಸೆನ್ಸರ್ ಎಚ್ಚೆತ್ತು ಫೋಟೋ ತೆಗೆಯುವಷ್ಟರಲ್ಲಿ ಪ್ರಾಣಿ ದಾಟಿಬಿಟ್ಟಿರುತ್ತದೆ. ಸುಮಾರು 45 ಡಿಗ್ರಿ ಓರೆಯಾಗಿ ತಿರುಗಿಸಿ, ದಾರಿಯಿಂದ 3–4 ಮೀಟರ್ ದೂರವಿಡಿ. ಎತ್ತರ 40–50 ಸೆಂ.ಮೀ. ಸಾಕು, ಎದೆಮಟ್ಟದಲ್ಲಿದ್ದರೆ ಮೊಲ, ನರಿ ಕೆಳಗೇ ನುಸುಳಿ ಹೋಗುತ್ತವೆ.

ಉತ್ತರ 2: ಖಾಲಿ ಫೋಟೋಗೆ ಕಾರಣ ಹುಲ್ಲು. ಬಿಸಿಲಿಗೆ ಕಾದ ಗರಿ ಗಾಳಿಗೆ ಅಲುಗಿದರೂ ಸೆನ್ಸರ್‌ಗೆ ಅದು ಪ್ರಾಣಿಯೇ. ಲೆನ್ಸ್ ಮುಂದಿನದನ್ನು ಬುಡಕ್ಕೆ ಸವರಿ. ಪೂರ್ವ, ಪಶ್ಚಿಮಕ್ಕೆ ಮುಖ ಬೇಡ, ಬಿಸಿಲು ನೇರ ಬೀಳುತ್ತದೆ. ಸಪೂರ ಮರವೂ ಬೇಡ, ತೂಗುತ್ತದೆ.

ಉತ್ತರ 3: ಹೊರಡುವ ಮುನ್ನ ಟೆಸ್ಟ್ ಮೋಡ್‌ನಲ್ಲಿಟ್ಟು ದಾರಿಯುದ್ದಕ್ಕೂ ಅಂಬೆಗಾಲಿಡಿ. ಕ್ಯಾಮೆರಾದ ಪುಟ್ಟ ದೀಪ ಮಿನುಗದ ಜಾಗದಲ್ಲಿ ಪ್ರಾಣಿಯೂ ಸಿಗದು. ಆಮೇಲೆ ಆನ್ ಮಾಡಲು ಮರೆಯಬೇಡಿ!