ಗಾಂಜಾ ಕೇಸಿನ್ಯಾಗ ಗಾಡಿ ಸಿಕ್ಕದ, ಬಿಡಿಸ್ಕೊಳ್ಳೋದು ಹೆಂಗ್ರೀ?

ಹುಮನಾಬಾದಿನಿಂದ ಬರೀಲಿಕತ್ತೀನಿ. ಡ್ರೈವರ್ ತೊಗರಿ ಚೀಲದ ನಡುವ ಗಾಂಜಾ ಇಟ್ಟಿದ್ದ, ನನಗ ಗೊತ್ತೇ ಇರಲಿಲ್ಲ. ಐದು ತಿಂಗಳಾತು, ನನ್ನ ಟಾಟಾ ಏಸ್ ಠಾಣಾ ಮುಂದ ನಿಂತದ. ಟೈರಿನ ಸುತ್ತ ಹುಲ್ಲು ಬೆಳದದ, ಮುಂದ ಕಟ್ಟಿದ ನಿಂಬಿಹಣ್ಣು ಒಣಗಿ ಕರ್ರಗಾಗ್ಯದ. ಕಂತು ಮಾತ್ರ ಕಟ್ಟಲಿಕತ್ತೀನಿ. ತಪ್ಪು ಅವಂದು, ಗಾಡಿ ನಂದು. ಇದ್ಯಾವ ನ್ಯಾಯ?

ಉತ್ತರ 1: ಅಣ್ಣಾ, 1985ರ ಮಾದಕ ವಸ್ತು ತಡಿಯೋ ಎನ್‌ಡಿಪಿಎಸ್ ಕಾಯ್ದೆ, ಕಲಂ 60(3). ನಿಮಗ ಗೊತ್ತಿರಲಿಲ್ಲ, ಎಚ್ಚರಿಕೆನೂ ತಗೊಂಡಿದ್ರಿ ಅಂತ ನೀವೇ ಸಾಬೀತು ಮಾಡಬೇಕು. ಗಾಡಿ ಕೈಯಾಗಿದ್ದವನಿಗೂ ಗೊತ್ತಿರಬಾರದು ಅಂತದ. ಡ್ರೈವರೇ ಇಟ್ಟಿದ್ರ ಅಲ್ಲೇ ತೊಡಕು. ಆದ್ರ ಕೇಸ್ ನಡೀವಾಗ್ಲೂ ಗಾಡಿ ಬಿಡಬಹುದು ಅಂತ 2025ರ ಜನವರಿಯಾಗ ಸುಪ್ರೀಂ ಕೋರ್ಟ್ ಹೇಳ್ಯದ. ವಕೀಲರ ಕಡಿಂದ ಅರ್ಜಿ ಹಾಕಿಸ್ರಿ.

ಉತ್ತರ 2: ನಮ್ಮ ಓಣ್ಯಾಗ ಹುಡುಗ್ರು ಇದೇ ಗಾಂಜಾಕ್ಕ ಹಾಳಾಗ್ಯಾರ, ಗಾಡಿ ಹಿಡೀಲೇಬೇಕು. ತೀರ್ಪಿನಕ್ಕಿಂತ ಮೊದಲೇ ತುಕ್ಕು ಹಿಡಸೋದು ಮಾತ್ರ ಬ್ಯಾಡ.