ವಿಂಡೋ ಅಂಚು, ಮೆನು ಮರೆಮಾಡಿದ ಮೇಲೆ ಬಳಸುವವರಿಗೆ ತೊಂದರೆ: ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ನೋಡಿಕೊಳ್ಳುವ ಗ್ರಂಥಾಲಯದಲ್ಲಿ ಆರು ಕಂಪ್ಯೂಟರ್‌ಗಳಿವೆ. ಎಲ್ಲದರಲ್ಲೂ ಲಿನಕ್ಸ್, ಅದರ ಮೇಲೆ ವಿಂಡೋ, ಪ್ಯಾನೆಲ್‌ಗಳನ್ನು ತೋರಿಸುವ ಕೆಡಿಇ ಪ್ಲಾಸ್ಮಾ ಎಂಬ ಡೆಸ್ಕ್‌ಟಾಪ್. ಪರದೆಗಳು 1366×768 ಅಳತೆಯವಾದ್ದರಿಂದ ಎತ್ತರ ಸಾಲದೆಂದು ವಿಂಡೋಗಳ ಶೀರ್ಷಿಕೆ ಪಟ್ಟಿ, ಅಂಚು, ಮೆನು ಮೂರನ್ನೂ ನಾನೇ ಮರೆಮಾಡಿದೆ. ನನಗೇನೋ ಹಿತವಾಗಿದೆ. ಆದರೆ ಬರುವವರು ವಿಂಡೋ ಸರಿಸಲಾಗದೆ, ಮುಚ್ಚಲಾಗದೆ ಪದೇ ಪದೇ ಕರೆಯುತ್ತಾರೆ. ಮೊನ್ನೆ ಹಿರಿಯರೊಬ್ಬರು ಒಂದು ಪುಟದ ಅರ್ಜಿ ಟೈಪ್ ಮಾಡಿ, ಉಳಿಸುವುದು ಎಲ್ಲಿಂದ ಎಂದು ತಿಳಿಯದೆ ಪವರ್ ಬಟನ್ ಒತ್ತಿಬಿಟ್ಟರು, ಅರ್ಜಿ ಹೋಯಿತು.

ಉತ್ತರ: ನಮಸ್ಕಾರ ಸರ್. ಆ ಹಿರಿಯರ ತಪ್ಪು ಇದರಲ್ಲಿ ಏನೂ ಇಲ್ಲ. ಮೆನು ಕಣ್ಣಿಗೆ ಬಿದ್ದರೆ ಹೆಸರು ಓದಿ ಗುರುತಿಸಿದರೆ ಸಾಕು. ಮರೆಯಾದರೆ ಕೀಲಿಗಳ ಜೋಡಿಯನ್ನು ನೆನಪಿನಿಂದಲೇ ತೆಗೆಯಬೇಕು, ಆ ನೆನಪಿರುವುದು ಮರೆಮಾಡಿದವರಿಗೆ ಮಾತ್ರ. ಉಬುಂಟು ಎಂಬ ಇನ್ನೊಂದು ಲಿನಕ್ಸ್ 2011ರಲ್ಲಿ ತನ್ನ 11.04 ಆವೃತ್ತಿಯ ಮೆನುವನ್ನು ಮೇಲಿನ ಪಟ್ಟಿಗೆ ಒಯ್ದು, ಮೌಸ್ ಅಲ್ಲಿಗೆ ಹೋದಾಗ ಮಾತ್ರ ಕಾಣುವಂತೆ ಮಾಡಿತ್ತು. 2016ರ 16.04ರ ಹೊತ್ತಿಗೆ, ಮೆನು ಸದಾ ಕಾಣುವಂತೆ ಇಟ್ಟುಕೊಳ್ಳುವ ಆಯ್ಕೆಯನ್ನು ಉಬುಂಟುವೇ ತನ್ನ ಸೆಟ್ಟಿಂಗ್ಸ್‌ನಲ್ಲಿ ಕೊಟ್ಟಿತು.

ಇಷ್ಟಕ್ಕೂ ನೀವು ಗಳಿಸಿದ್ದು ಎಷ್ಟು? ಶೀರ್ಷಿಕೆ ಪಟ್ಟಿಗೆ 30 ಪಿಕ್ಸೆಲ್ ಎಂದಿಟ್ಟುಕೊಂಡರೂ 768ರಲ್ಲಿ ಅದು ನೂರಕ್ಕೆ ನಾಲ್ಕು ಪಾಲು. ಅಷ್ಟಕ್ಕಾಗಿ ವಿಂಡೋವಿನ ಹೆಸರು, ಹಿಡಿದೆಳೆಯುವ ಜಾಗ, ಮುಚ್ಚುವ ಗುಂಡಿ ಮೂರೂ ಒಟ್ಟಿಗೆ ಹೋದವು. ಕೆಳಗಿನ ಪ್ಯಾನೆಲ್ ಅನ್ನು ಪರದೆಯ ಎಡಬದಿಗೆ ನಿಲ್ಲಿಸಿ ನೋಡಿ. ಅಗಲ ಧಾರಾಳವಾಗಿರುವ ಪರದೆಯಲ್ಲಿ ಅಷ್ಟೇ ಎತ್ತರ ಯಾರಿಗೂ ತೊಂದರೆಯಿಲ್ಲದೆ ಸಿಗುತ್ತದೆ.

ಮರಳಿ ತರಲು ವಿಂಡೋ ಮೇಲಿದ್ದಾಗ ಆಲ್ಟ್-ಎಫ್3 ಒತ್ತಿ, ಬರುವ ಪಟ್ಟಿಯ ಹೆಚ್ಚಿನ ಆಯ್ಕೆಗಳಲ್ಲಿ ಶೀರ್ಷಿಕೆ ಪಟ್ಟಿ ಮತ್ತು ಚೌಕಟ್ಟು ಬೇಡವೆಂಬ ಗುರುತನ್ನು ತೆಗೆಯಿರಿ. ಇದನ್ನೇ ಸೆಟ್ಟಿಂಗ್ಸ್‌ನ ವಿಂಡೋ ನಿಯಮಗಳಲ್ಲಿ ಹಾಕಿದ್ದರೆ ಅಲ್ಲಿಂದಲೂ ಅಳಿಸಬೇಕು. ಕೆಡಿಇಯದೇ ತಂತ್ರಾಂಶಗಳಲ್ಲಿ ಮೆನು ಮರಳಿ ತರಲು ಕಂಟ್ರೋಲ್-ಎಂ ಒತ್ತಿ. ಇದೇ ಕೀಲಿ ಕೈತಪ್ಪಿ ಒತ್ತಿದಾಗಲೂ ಮೆನುವನ್ನು ಮಾಯ ಮಾಡುತ್ತದೆ. ಆದ್ದರಿಂದ ಸಾರ್ವಜನಿಕ ಕಂಪ್ಯೂಟರ್‌ಗಳಲ್ಲಿ ಕೀಲಿಗಳ ಸೆಟ್ಟಿಂಗ್‌ಗೆ ಹೋಗಿ ಅದನ್ನು ಖಾಲಿ ಬಿಡುವುದನ್ನೇ ನಾನು ಸೂಚಿಸುತ್ತೇನೆ.

ಮರುಪ್ರಶ್ನೆ: ಶೀರ್ಷಿಕೆ, ಮೆನು ಮರಳಿ ತಂದೆ ಮೇಡಂ. ಅಂಚನ್ನಾದರೂ ತೆಳುವಾಗಿಯೇ ಬಿಡಬಹುದೇ?

ಉತ್ತರ: ಬಿಡಬಹುದು. ಕಾಣುವ ಗೆರೆ ಬೇರೆ, ಮೌಸ್‌ಗೆ ಸಿಗುವ ಜಾಗ ಬೇರೆ. 2015ರ ವಿಂಡೋಸ್ 10 ಅಂಚನ್ನು ಒಂದೇ ಪಿಕ್ಸೆಲ್‌ಗೆ ಇಳಿಸಿದರೂ ಅದರ ಹೊರಗೆ ಕಾಣದ ಹಿಡಿಯನ್ನು ಉಳಿಸಿಕೊಂಡಿತ್ತು. ಪ್ಲಾಸ್ಮಾದಲ್ಲಿ ವಿಂಡೋಗಳ ಶೀರ್ಷಿಕೆ, ಅಂಚುಗಳಿಗೆ ರೂಪ ಕೊಡುವ ಬ್ರೀಜ್ ಅಲಂಕಾರವೂ ಹಾಗೆಯೇ ನಡೆಯುತ್ತದೆ. ಚೌಕಟ್ಟನ್ನು ಪೂರ್ತಿ ತೆಗೆದಾಗ ಮಾತ್ರ ಆ ಹಿಡಿಯೂ ಹೋಗುತ್ತದೆ. ಆದರೆ ವಿಂಡೋಗಳ ನೆರಳನ್ನು ಮಾತ್ರ ದಯವಿಟ್ಟು ಆರಿಸಬೇಡಿ. ಅಂಚೂ ನೆರಳೂ ಇಲ್ಲದೆ ಎರಡು ಬಿಳಿ ಪುಟಗಳು ಒಂದರ ಮೇಲೊಂದು ಬಿದ್ದರೆ, ಒಂದು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತೆಂದು ತಿಳಿಯದೆ, ಅರ್ಜಿಯ ಸಾಲು ಪಕ್ಕದ ಕಡತಕ್ಕೆ ಹೋಗಿ ಕೂರುತ್ತದೆ.