ಸಮುದ್ರದಲ್ಲಿ ಟವರ್ ಇಲ್ಲದಾಗ ಫೋನಿನ ಜಿಪಿಎಸ್ ಯಾಕೆ ಇಷ್ಟು ನಿಧಾನ?

ಬೈತಖೋಲದವ:
ನಮ್ಮ ಮನೆ ಕಾರವಾರದ ಬೈತಖೋಲದಲ್ಲಿ. ಅಣ್ಣ ಮೀನುಗಾರಿಕೆ ಬೋಟಿಗೆ ಹೋಗುತ್ತಾನೆ. ಮೊನ್ನೆ ರಾತ್ರಿ ಬೋಟಿನ ಜಿಪಿಎಸ್ ಸೆಟ್ ಕೆಟ್ಟಿತಂತೆ. ಚಾರ್ಜ್ ಉಳಿಸಲು ಬಂದ್ ಮಾಡಿಟ್ಟಿದ್ದ ಫೋನನ್ನು ಕ್ಯಾಬಿನ್ ಒಳಗೇ ಆನ್ ಮಾಡಿ ಮ್ಯಾಪ್ ತೆರೆದ. ನಾಲ್ಕೈದು ನಿಮಿಷ ಸುಮ್ನೆ ಹುಡುಕುತ್ತಲೇ ಇತ್ತು. ಕೊನೆಗೆ ನೀಲಿ ಚುಕ್ಕೆ ಬಂತು, ಸುತ್ತ ಬರೀ ಖಾಲಿ. ಇದೇ ಫೋನು ಜೆಟ್ಟಿಯಲ್ಲಿ ಎರಡು ಮೂರು ಸೆಕೆಂಡಿಗೆ ತೋರಿಸುತ್ತದೆ. ಒಂದು ಅಂಗಡಿಯಲ್ಲಿ ಕೇಳಿದರೆ "ಟವರ್ ಇಲ್ಲ ಅಂದ್ರೆ ಜಿಪಿಎಸ್ಸೂ ಇಲ್ಲ, ಹೊಸ ಫೋನ್ ತಗೊಳ್ಳಿ" ಅಂದರು. ಹಾಗಾದ್ರೆ ಟವರ್ ಇಲ್ಲದ ಕಡೆ ಆ ಚುಕ್ಕೆ ಬಂದದ್ದು ಹೇಗೆ? ಅಣ್ಣ ನೀರಿನ ಮೇಲಿದ್ದಾಗ ಅಮ್ಮನಿಗೆ ನಿದ್ದೆ ಬರುವುದಿಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ತದಡಿ ರಿಪೇರಿ:
ತಮ್ಮಾ, ಫೋನ್ ಬದಲಿಸಬೇಡ. ನಾನು ತದಡಿ ಬಂದರಿನಲ್ಲಿ ಬೋಟಿನ ವೈರ್‌ಲೆಸ್, ಜಿಪಿಎಸ್ ಸೆಟ್ ರಿಪೇರಿ ಮಾಡುವವ. ಬೋಟು ನಡೆಸುವ ತಾಂಡೇಲರೂ ಇದನ್ನೇ ಕೇಳುತ್ತಾರೆ.

ಜಾಗ ಗೊತ್ತಾಗುವುದು ಉಪಗ್ರಹದಿಂದ. ಟವರ್ ಬರೀ ಸಹಾಯಕ್ಕೆ. ಸುಮಾರು 20,200 ಕಿ.ಮೀ. ಮೇಲಿಂದ ಬರುವ ಸಿಗ್ನಲ್ ಬಹಳ ಸಣ್ಣದು. ಉಪಗ್ರಹ ಓಡುತ್ತಿರುವುದರಿಂದ ಅದರ ಫ್ರೀಕ್ವೆನ್ಸಿಯೂ ಸ್ವಲ್ಪ ಆಚೆ ಈಚೆ ಸರಿಯುತ್ತದೆ. ಏನೂ ಗೊತ್ತಿಲ್ಲದೆ ಎದ್ದ ಫೋನು, ಯಾವ ಬೋಟು ಯಾವ ಚಾನೆಲ್‌ನಲ್ಲಿದೆ ಅಂತ ತಿಳಿಯದೆ ವೈರ್‌ಲೆಸ್ ತಿರುಗಿಸುತ್ತಾ ಕೂತ ಹಾಗೆ ಹುಡುಕಬೇಕು.

ಸಿಕ್ಕ ಮೇಲೂ ಕೆಲಸ ಮುಗಿಯಲಿಲ್ಲ. ತಾನು ಎಲ್ಲಿದ್ದೇನೆ ಅಂತ ಉಪಗ್ರಹವೇ ಹೇಳಬೇಕು, ಅದು ಹೇಳುವ ವೇಗ ಸೆಕೆಂಡಿಗೆ ಬರೀ 50 ಬಿಟ್. ಒಂದು ಸುತ್ತು ಮುಗಿಯಲು 30 ಸೆಕೆಂಡು. ಬೋಟು ಅಲ್ಲಾಡಿ, ಕ್ಯಾಬಿನ್ ಮಾಡು ಅಡ್ಡ ಬಂದು ನಡುವೆ ತಪ್ಪಿತೋ, ಆ ತುಂಡಿಗಾಗಿ ಮತ್ತೆ ಮುಂದಿನ ಸುತ್ತಿಗೆ ಕಾಯಬೇಕು. ಹೀಗೆ ನಾಲ್ಕು ಉಪಗ್ರಹ ಬೇಕು. ಮೂರು ಜಾಗಕ್ಕೆ, ನಾಲ್ಕನೆಯದು ಫೋನಿನ ಗಡಿಯಾರದ ತಪ್ಪು ತಿದ್ದಲು. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ 300 ಮೀಟರ್ ಲೆಕ್ಕ ತಪ್ಪುತ್ತದೆ. ಅಣ್ಣನ ನಾಲ್ಕೈದು ನಿಮಿಷ ಹೋದದ್ದು ಇಲ್ಲೇ.

ಜೆಟ್ಟಿಯಲ್ಲಿ ಇದನ್ನೆಲ್ಲ ನೆಟ್‌ವರ್ಕ್ ಮೊದಲೇ ಕೊಟ್ಟುಬಿಡುತ್ತದೆ. ಟವರ್ ನೋಡಿ ಅಂದಾಜು ಜಾಗ, ಸಮಯ, ಈಗ ತಲೆ ಮೇಲೆ ಯಾವ ಉಪಗ್ರಹ ಇದೆ, ಅದರ ದಾರಿ ಯಾವುದು, ಎಲ್ಲವೂ ಇಂಟರ್ನೆಟ್ಟಿನಲ್ಲಿ ಕ್ಷಣದಲ್ಲಿ ಬರುತ್ತದೆ. ಎ-ಜಿಪಿಎಸ್ ಅಂದರೆ ಇಷ್ಟೇ.

ಸುತ್ತ ಖಾಲಿ ಕಂಡದ್ದು ಬೇರೆ ವಿಷಯ. ಮ್ಯಾಪಿನ ಚಿತ್ರ ಇಳಿಯಲಿಲ್ಲ ಅಷ್ಟೆ. ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಡು. ಅಕ್ಷಾಂಶ, ರೇಖಾಂಶ ಬರೆದು ತೋರಿಸುವ ಆ್ಯಪ್ ಒಂದು ಹಾಕು. ಅಕ್ಷಾಂಶದ ಒಂದು ಮಿನಿಟು ಅಂದರೆ ಒಂದು ನಾಟಿಕಲ್ ಮೈಲು, ಅಣ್ಣನಿಗೆ ಗೊತ್ತಿರುತ್ತದೆ.

ಶಿರಸಿ ತೋಟ:
ನಮ್ಮ ಮನೆ ಗುಡ್ಡದ ಬುಡದಲ್ಲಿ, ಕೆಳಗೆ ಅಡಿಕೆ ತೋಟ. ಒಳಗೆ ಕೂತರೆ ದೊಡ್ಡ ನೀಲಿ ವೃತ್ತ ಬರುತ್ತದೆ, ಚುಕ್ಕೆ ಪಕ್ಕದ ಊರಲ್ಲಿ. ಅಂಗಳಕ್ಕೆ ಬಂದರೆ ವೃತ್ತ ಕುಗ್ಗುತ್ತದೆ. ಒಳಗೆ ಕಂಡದ್ದು ಟವರಿನ ಅಂದಾಜು ಮಾತ್ರ, ಅಲ್ವಾ?

ತದಡಿ ರಿಪೇರಿ:
ಹೌದು ಮಾರಾಯ್ರೆ. ವೃತ್ತ ದೊಡ್ಡದಿದ್ದರೆ ಚುಕ್ಕೆಯನ್ನು ನಂಬಬೇಡಿ. ಬೋಟಿನವರು ಇದನ್ನು ಜಾಸ್ತಿ ಗಮನಿಸಬೇಕು.

ತಮ್ಮಾ, ಇನ್ನೊಂದು. ಜೆಟ್ಟಿಯಲ್ಲಿ ಪಡೆದ ಉಪಗ್ರಹದ ದಾರಿಯ ಲೆಕ್ಕ ಸುಮಾರು ನಾಲ್ಕು ಗಂಟೆ ಬಾಳುತ್ತದೆ. ಹೊರಡುವಾಗ ಫೋನ್ ಆನ್ ಮಾಡಿ ಮ್ಯಾಪ್ ತೆರೆದೇ ಇಟ್ಟರೆ ಮುಂದಿನದನ್ನು ಫೋನೇ ಉಪಗ್ರಹದಿಂದ ತಗೊಳ್ಳುತ್ತದೆ. ಪವರ್ ಬ್ಯಾಂಕ್ ಕೊಡು. ಆದರೂ ಸೆಟ್ ರಿಪೇರಿ ಆಗದೆ ಕಳಿಸಬೇಡ.

ಬೈತಖೋಲದವ:
ರಾತ್ರಿಯಿಡೀ ಫೋನ್ ಬಂದ್ ಇಟ್ಟು, ಬೆಳಿಗ್ಗೆ ಏರೋಪ್ಲೇನ್ ಮೋಡ್ ಹಾಕಿ ನೋಡಿದೆ. ಜೆಟ್ಟಿಯ ತುದಿಯಲ್ಲಿ, ಮೇಲೆ ಬರೀ ಆಕಾಶ: 48 ಸೆಕೆಂಡು. ಇನ್ನೊಂದು ದಿನ ಹಾಗೇ ಮಾಡಿ ಕ್ಯಾಬಿನ್ ಒಳಗೆ ನೋಡಿದೆ: ಮೂರು ನಿಮಿಷ ದಾಟಿತು. ಅಮ್ಮನಿಗೂ ತೋರಿಸಿದೆ. ಸೆಟ್ ನಾಳೆ ನಿಮ್ಮ ಹತ್ತಿರ ತರುತ್ತೇನೆ ಅಣ್ಣಾ, ಎಷ್ಟು ಹೊತ್ತಿಗೆ ಸಿಗುತ್ತೀರಿ?